ಎಣ್ಣೆ ಉಣ್ಣುವ ಮಣ್ಣಿನ ಮಕ್ಕಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆ್ಯಂಬ್ಲರ್‌ನಲ್ಲಿ ಸನ್ ಆಯಿಲ್ ಕಂಪನಿಯ ಕೊಳವೆ ಒಡೆದು ಪೆಟ್ರೋಲ್ ಅಂತರ್ಜಲಕ್ಕೆ ಇಳಿದಿತ್ತು. ಪಂಪ್ ಹಚ್ಚಿ ಎತ್ತಿದರೂ ಮಣ್ಣಿಗೆ ಅಂಟಿದ್ದು ಬಿಡಲಿಲ್ಲ. 1972ರಲ್ಲಿ ಕಂಪನಿಯ ವಿಜ್ಞಾನಿ ರಿಚರ್ಡ್ ರೇಮಂಡ್ ಬಾವಿಗಳ ಮೂಲಕ ಗಾಳಿ ಊದಿಸಿ, ಸಾರಜನಕ ಮತ್ತು ರಂಜಕದ ಲವಣಗಳನ್ನು ಇಳಿಸಿದರು. ಉಳಿದ ಕೆಲಸವನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ಮಾಡಿದವು. 1974ರಲ್ಲಿ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು.

ಹೈಡ್ರೋಕಾರ್ಬನ್ ತಿನ್ನುವ ಸೂಕ್ಷ್ಮಜೀವಿಗಳ ಸುಮಾರು 100 ಪ್ರಭೇದಗಳಿವೆ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಝೋಬೆಲ್ 1946ರಲ್ಲೇ ಬರೆದಿದ್ದರು. ಸ್ಯೂಡೊಮೊನಾಸ್, ರೋಡೊಕಾಕಸ್ ಮುಂತಾದವು ಕಿಣ್ವದ ನೆರವಿನಿಂದ ಎಣ್ಣೆಯ ಅಣುವಿಗೆ ಆಮ್ಲಜನಕ ಜೋಡಿಸುತ್ತವೆ. ಅಣು ಮೊದಲು ಆಲ್ಕೋಹಾಲ್, ಬಳಿಕ ಕೊಬ್ಬಿನಾಮ್ಲವಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ತೊಡಕು ಒಂದೇ: ಎಣ್ಣೆಯಲ್ಲಿ ಇಂಗಾಲ ಧಾರಾಳ, ಸಾರಜನಕ ಅತ್ಯಲ್ಪ. ಎಲೆ ತುಂಬ ಅನ್ನ ಬಡಿಸಿ ಸಾರು ಮರೆತ ಹಾಗೆ. ರೇಮಂಡ್ ಬಡಿಸಿದ್ದು ಆ ಸಾರನ್ನು.

ಆದರೆ ಹೆಸರು ಬಂದದ್ದು ಬೇರೆಯವರಿಗೆ. ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಬಂಗಾಳ ಮೂಲದ ಆನಂದ ಚಕ್ರವರ್ತಿ ಹಲವು ಪ್ಲಾಸ್ಮಿಡ್‌ಗಳನ್ನು (ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಉಂಗುರಗಳನ್ನು) ಒಂದೇ ಸ್ಯೂಡೊಮೊನಾಸ್‌ಗೆ ಸೇರಿಸಿ, ಕಚ್ಚಾತೈಲ ಒಡೆಯುವ ತಳಿ ರೂಪಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಆ ಜೀವಿಗೆ ಪೇಟೆಂಟ್ ನೀಡಬಹುದೆಂದಿತು. ಕಾನೂನಿನ ಚರಿತ್ರೆ ಬದಲಾಯಿತು. ತಳಿ ಮಾತ್ರ ಯಾವ ಸೋರಿಕೆಯ ಜಾಗಕ್ಕೂ ಇಳಿಯಲಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕದ ತೀರಕ್ಕೆ ಬಡಿದಾಗಲೂ ಸಿಂಪಡಿಸಿದ್ದು ಗೊಬ್ಬರವನ್ನೇ, ಸ್ಥಳೀಯ ಬ್ಯಾಕ್ಟೀರಿಯಾಗಳಿಗಾಗಿ.

ನಮ್ಮ ದೇಶದ ತೈಲ ಬಾವಿ, ರಿಫೈನರಿಗಳ ಹೊಂಡಗಳಲ್ಲಿ ನಿಲ್ಲುವ ಕೆಸರು ಇನ್ನೂ ಗಟ್ಟಿ ಸರಕು. ಅದರ ಎಲ್ಲ ಘಟಕಗಳನ್ನೂ ಒಂದೇ ಬ್ಯಾಕ್ಟೀರಿಯಾ ಅರಗಿಸಲಾರದು. ಹಾಗಾಗಿ ದೆಹಲಿಯ ಟೆರಿ ಸಂಸ್ಥೆ ಐದು ತಳಿಗಳ ಕೂಟ ಕಟ್ಟಿ, ಮೆಕ್ಕೆಜೋಳದ ದಿಂಡಿನ ಪುಡಿಯ ಮೇಲೆ ನೆಲೆಗೊಳಿಸಿ ‘ಆಯಿಲ್‌ಝ್ಯಾಪರ್’ ತಯಾರಿಸಿತು. ಅದನ್ನು ಪೋಷಕಾಂಶಗಳ ಜೊತೆ ಎಣ್ಣೆ ಮಣ್ಣಿಗೆ ಬೆರೆಸಿ, ಗಾಳಿಯಾಡುವಂತೆ ಉಳುತ್ತಾರೆ, ತೇವ ಕಾಯುತ್ತಾರೆ. ವಿಧಾನವನ್ನು ಬಳಕೆಗೆ ಹಬ್ಬಿಸಲು 2007ರಲ್ಲಿ ಒಎನ್‌ಜಿಸಿ ಜೊತೆಗೂಡಿ ಕಂಪನಿಯೂ ಹುಟ್ಟಿತು.

ಈ ಜೀವಿಗಳಿಗೂ ಮಿತಿಯಿದೆ. ಡಾಂಬರಿನಂಥ ಭಾರದ ಅಂಶ ಬಹುಕಾಲ ಉಳಿಯುತ್ತದೆ. ಬಳಸಿದ ಎಂಜಿನ್ ಆಯಿಲ್‌ನಲ್ಲಿರುವ ಲೋಹಗಳನ್ನಂತೂ ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಆದ್ದರಿಂದ ಗಾಡಿಯ ಆಯಿಲ್ ಬದಲಿಸುವಾಗ ಹಳೆಯದು ಎಲ್ಲಿಗೆ ಹೋಗುತ್ತದೆಂದು ಗ್ಯಾರೇಜಿನವರನ್ನು ಕೇಳಿ. ಅದು ಸೇರಬೇಕಾದದ್ದು ನೋಂದಾಯಿತ ಮರುಬಳಕೆ ಘಟಕವನ್ನು, ಹಿತ್ತಲ ಮಣ್ಣನ್ನಲ್ಲ.