ಪೆನಿಸಿಲಿನ್‌ಗೆ ಕೆಲವು ಬ್ಯಾಕ್ಟೀರಿಯಾ ಬಗ್ಗದಿರುವುದು ಹೇಗೆ?

ಪೆನಿಸಿಲಿನ್ನಿನ ಬಲವೆಲ್ಲ ಬೀಟಾ-ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಉಂಗುರದಲ್ಲಿದೆ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕಿಣ್ವಕ್ಕೆ ಅದು ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಭಿತ್ತಿ ಸಡಿಲವಾಗಿ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಇದಕ್ಕೆ ಪ್ರತಿಯಾಗಿ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅದರೊಳಗಿನ ಸೆರೀನ್ ಎಂಬ ಅಮೈನೋ ಆಮ್ಲ ಆ ಉಂಗುರವನ್ನು ಹಿಡಿದು ಬಿಚ್ಚುತ್ತದೆ, ನೀರಿನ ಅಣುವೊಂದು ಮುರಿದ ಔಷಧವನ್ನು ಕಳಚಿಹಾಕುತ್ತದೆ. ಕಿಣ್ವಕ್ಕೆ ಏನೂ ಆಗುವುದಿಲ್ಲ. ಮುಂದಿನ ಅಣುವಿಗೆ ಸಿದ್ಧ! ಎನ್‌ಡಿಎಂ-1ರಂಥ ಕಿಣ್ವಗಳಲ್ಲಿ ಉಂಗುರ ಬಿಚ್ಚಿಸುವ ಕೆಲಸ ಸತುವಿನ ಅಯಾನುಗಳದ್ದು.

ಅಚ್ಚರಿಯೆಂದರೆ, ಪೆನಿಸಿಲಿನ್ ಬಳಕೆ ವ್ಯಾಪಕವಾಗುವ ಮೊದಲೇ, 1940ರಲ್ಲಿ, ಆಕ್ಸ್‌ಫರ್ಡಿನ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ಇಂಥ ಕಿಣ್ವವನ್ನು ವರದಿ ಮಾಡಿದ್ದರು. ಈ ಕಿಣ್ವದ ಜೀನ್ ಹಲವೊಮ್ಮೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕನ್ನು ಏರಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಪೆನಿಸಿಲಿನ್ ಬಗೆಯ ಅಮಾಕ್ಸಿಸಿಲಿನ್ ಜೊತೆ ಕೊಡುವ ಕ್ಲಾವುಲನಿಕ್ ಆಮ್ಲ ಹಲವು ಸೆರೀನ್ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಸತುವಿನವುಗಳ ಮುಂದೆ ಅದರ ಆಟ ನಡೆಯದು.