ಜಪಾನಿನ ಕ್ರಿಸ್ಮಸ್ಸೂ ಚಿಕ್ಕಲ್ಲೂರಿನ ಹುಣ್ಣಿಮೆಯೂ

ಹಬ್ಬವೆಂದರೆ ರಜೆ, ರಜೆಯೆಂದರೆ ಹಬ್ಬ ಎಂದು ತಿಳಿದಿರುವ ನಮ್ಮವರು, ದೀಪಗಳೆಲ್ಲ ಬೆಳಗುತ್ತಿದ್ದರೂ ರಜೆಯೊಂದು ಮಾತ್ರ ಇಲ್ಲದ ಹಬ್ಬವನ್ನು ನೋಡಬೇಕಾದರೆ ಡಿಸೆಂಬರು 25ನೆಯ ತಾರೀಖು ಜಪಾನಿನಲ್ಲಿರಬೇಕು. 2025ನೆಯ ಇಸವಿಯಲ್ಲಿ ಆ ದಿನ ಗುರುವಾರ. ಟೋಕಿಯೋ ಪಟ್ಟಣದ ನಿಶಿ-ಕಸಾಯಿ ಎಂಬಲ್ಲಿ ವಾಸವಾಗಿರುವ ನಮ್ಮ ಅಳಿಯಂದಿರು ಎಂದಿನಂತೆ ಬೆಳಿಗ್ಗೆ ಏಳೂವರೆಗೆ ಕಚೇರಿಗೆ ಹೊರಟರು. ರೈಲಿನಲ್ಲಿ ಎಂದಿನ ಜನವೇ, ಎಂದಿನ ಮೌನವೇ ಎಂದು ಸಂಜೆ ಬಂದು ಹೇಳಿದರು.

ನಾವು ಯಳಂದೂರಿನವರು, ಮಗಳನ್ನು ಹನೂರಿನ ಕಡೆಗೆ ಕೊಟ್ಟಿದ್ದೇವೆ. ಅಳಿಯಂದಿರ ಉದ್ಯೋಗದ ನಿಮಿತ್ತ ಆಕೆ ಜಪಾನನ್ನು ಸೇರಿ ಆರು ವರ್ಷಗಳಾದುವು. ಮೊಮ್ಮಗನನ್ನು ಕಾಣುವ ಆಸೆಯಿಂದ ನಾವೂ ನಮ್ಮ ಮನೆಯವರೂ ಕಾರ್ತಿಕ ಮಾಸ ಕಳೆದೊಡನೆಯೇ ಅಲ್ಲಿಗೆ ಹೋಗಿ ಒಂದು ತಿಂಗಳಿಗೆ ಮೇಲ್ಪಟ್ಟು ಇದ್ದೆವು.

ಕ್ರಿಸ್ಮಸ್ ಹಬ್ಬವು ನಮ್ಮ ಸೀಮೆಗೆ ಅಪರಿಚಿತವೇನೂ ಅಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ನಾವು ಆ ಕಡೆ ಉಪಾಧ್ಯಾಯರಾಗಿದ್ದ ಕಾಲದಲ್ಲಿ, ಮನೆಯ ಮುಂದೆ ಕಾಗದದ ನಕ್ಷತ್ರವನ್ನು ತೂಗುಹಾಕಿ, ಒಳಗೆ ಗೋದಲಿಯನ್ನು ಕಟ್ಟಿ, ಹೊಸಬಟ್ಟೆ ತೊಟ್ಟು ನಡುರಾತ್ರಿಯ ಬಲಿಪೂಜೆಗೆ ಹೋಗಿಬಂದ ಶಿಷ್ಯರು, ಮರುದಿನ ಗುರುಗಳ ಮನೆಗೆಂದು ತಟ್ಟೆ ತುಂಬ ಕಜ್ಜಾಯವನ್ನು ತರುವುದು ವಾಡಿಕೆಯಾಗಿತ್ತು. ಊರಿಗೆ ಊರೇ ಎಚ್ಚರವಾಗಿರುತ್ತಿದ್ದ ಆ ರಾತ್ರಿಯನ್ನು ಬಲ್ಲ ನಮಗೆ ಟೋಕಿಯೋದ ರೀತಿಯು ವಿಸ್ಮಯವನ್ನುಂಟುಮಾಡಿತು. ದೀಪಗಳಿಗೇನೋ ಕೊರತೆಯಿಲ್ಲ. ಅಲ್ಲಿ ಆ ದಿನಗಳಲ್ಲಿ ಸೂರ್ಯನು ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ; ಮುಳುಗಿದೊಡನೆ ಟೋಕಿಯೋ ನಿಲ್ದಾಣದ ಮುಂದಣ ಬೀದಿಯ ಮರಗಳೆಲ್ಲ ಕೊಂಬೆಕೊಂಬೆಯಲ್ಲಿಯೂ ಹೊನ್ನಿನ ಬಣ್ಣದ ದೀಪಗಳನ್ನು ಧರಿಸಿ ನಿಲ್ಲುತ್ತವೆ. ಆದರೆ ಅವುಗಳ ಕೆಳಗೆ ಓಡಾಡುವವರು ಬಹುಮಟ್ಟಿಗೆ ಪ್ರಾಯದ ಜೋಡಿಗಳು. ಅಜ್ಜ, ಅಜ್ಜಿ, ಮಗು ಎಂಬ ಪರಿವಾರವಾಗಿ ನಡೆದವರು ಆ ಸಂಜೆ ನಾವೊಬ್ಬರೇ ಇದ್ದಂತೆ ತೋರಿತು.

ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು ಮಾತ್ರ. 1549ರಲ್ಲಿ ಫ್ರಾನ್ಸಿಸ್ ಜೇವಿಯರ್ ಪಾದ್ರಿಗಳು ಗೋವೆಯಿಂದ ಹೊರಟು ಕಾಗೋಶಿಮಾ ಎಂಬ ರೇವಿನಲ್ಲಿ ಇಳಿದುದು ಆ ಮತಕ್ಕೆ ಅಲ್ಲಿ ಆರಂಭ. 1614ರಲ್ಲಿ ದೇಶಕ್ಕೆಲ್ಲ ನಿಷೇಧವಾಯಿತು. ಎರಡೂವರೆ ಶತಮಾನ ಬಚ್ಚಿಟ್ಟುಕೊಂಡೇ ಪ್ರಾರ್ಥಿಸುತ್ತಿದ್ದ ಒಕ್ಕಲುಮಕ್ಕಳು 1865ರಲ್ಲಿ ನಾಗಸಾಕಿಯ ಹೊಸ ಚರ್ಚಿಗೆ ಬಂದು, ಫ್ರೆಂಚ್ ಪಾದ್ರಿಯೊಬ್ಬರ ಮುಂದೆ ತಮ್ಮ ಗುಟ್ಟನ್ನು ಹೇಳಿಕೊಂಡರು. ಆ ಪಾದ್ರಿಗಳು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದವರು. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದು ನಮ್ಮವರ ಆಚಾರವ್ಯವಹಾರಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದ ಅಬ್ಬೆ ದುಬ್ವಾ ಅವರೂ ಅದೇ ಸಂಘದವರು. ನಿಷೇಧದ ಹಲಗೆಗಳನ್ನು ಕಿತ್ತುಹಾಕಿದುದು 1873ರಲ್ಲಿ. ಈ 1873ನೆಯ ಇಸವಿಯನ್ನು ವಾಚಕರು ಮರೆಯದಿರಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಈಗಿನ ಹಬ್ಬವನ್ನು ಬೆಳೆಸಿದವರು ಪಾದ್ರಿಗಳಲ್ಲ, ಅಂಗಡಿಕಾರರು. ಬಿಳಿಯ ಕೆನೆ ಬಳಿದು ಕೆಂಪು ಸ್ಟ್ರಾಬೆರಿ ಹಣ್ಣನ್ನು ನೆಟ್ಟ ಮೆತ್ತನೆಯ ಕೇಕು ಮನೆಮನೆಗೂ ಬೇಕು. ಅದಕ್ಕಿಂತ ವಿಚಿತ್ರವಾದುದು ಕೋಳಿಯ ಕಥೆ. ಅಮೆರಿಕಾದ ಕೆಂಟಕಿ ಫ್ರೈಡ್ ಚಿಕನ್ ಅಂಗಡಿಯವರು 1974ರಲ್ಲಿ, ಕ್ರಿಸ್ಮಸ್ಸಿಗೆ ತಮ್ಮ ಕೋಳಿಯೇ ಸರಿಯೆಂದು ದೇಶವೆಲ್ಲ ಸಾರಿದರಂತೆ. ಅಂದಿನಿಂದ ಅದೇ ಸಂಪ್ರದಾಯವಾಗಿ, ವಾರಗಟ್ಟಲೆ ಮುಂಚೆ ಹೆಸರು ಬರೆಸಿಟ್ಟವರಿಗೆ ಮಾತ್ರ ಆ ಪೆಟ್ಟಿಗೆ ದೊರಕುತ್ತದೆ. ಐವತ್ತು ವರ್ಷದಲ್ಲಿ ಒಂದು ಸಂಪ್ರದಾಯವು ಹುಟ್ಟಬಲ್ಲುದೆಂದರೆ ನಮ್ಮ ಧರ್ಮಶಾಸ್ತ್ರಜ್ಞರು ತಲೆದೂಗಬೇಕಾದ ಮಾತೇ. ಸಸ್ಯಾಹಾರಿಗಳಾದ ನಮಗೆ ಆ ರಾತ್ರಿ ಮಗಳು ಹುಳಿಯನ್ನವನ್ನೂ ಗಸಗಸೆ ಪಾಯಸವನ್ನೂ ಮಾಡಿಕೊಟ್ಟಳು.

26ನೆಯ ತಾರೀಖು ಬೆಳಿಗ್ಗೆ ಹಾಲು ತರಲು ಹೊರಟು ನೋಡುತ್ತೇವೆ, ಅಂಗಡಿಗಳ ಬಾಗಿಲಲ್ಲಿ ಹಿಂದಿನ ದಿನದ ಕ್ರಿಸ್ಮಸ್ ಮರವೊಂದೂ ಇಲ್ಲ! ಆ ಸ್ಥಾನದಲ್ಲಿ ಓರೆಯಾಗಿ ಕತ್ತರಿಸಿದ ಬಿದಿರನ್ನೂ ದೇವದಾರುವನ್ನು ಹೋಲುವ ಮರದ ಕೊಂಬೆಯನ್ನೂ ಸೇರಿಸಿ ಕಟ್ಟಿದ ಹೊಸವರ್ಷದ ಅಲಂಕಾರವು ಬಂದಿತ್ತು. ಮನೆಯವರೆಲ್ಲರೂ ಕೂಡುವ ಹಬ್ಬ ಅವರಿಗೆ ಇದು. ಡಿಸೆಂಬರು 29ರಿಂದ ಜನವರಿ 3ರವರೆಗೆ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ. ಪಟ್ಟಣ ಸೇರಿದ ಮಕ್ಕಳು ಹಳ್ಳಿಯ ತಂದೆತಾಯಿಗಳಲ್ಲಿಗೆ ಹೋಗುತ್ತಾರೆ. ವರ್ಷಾಂತ್ಯದ ರಾತ್ರಿ ಬೌದ್ಧ ದೇವಾಲಯಗಳಲ್ಲಿ ನೂರೆಂಟು ಸಾರಿ ಗಂಟೆ ಹೊಡೆಯುವರು. ಆ ನೂರೆಂಟು ಯಾವುವೆಂದು ವಿಚಾರಿಸಲಾಗಿ, ನಮ್ಮ ಯೋಗಶಾಸ್ತ್ರದಲ್ಲಿಯೂ ಹೇಳಿರುವ ಕ್ಲೇಶಗಳೇ ಅವು ಎಂದು ತಿಳಿದು ಸಂಸ್ಕೃತವನ್ನೋದಿದವರಿಗಾಗುವ ಸಂತೋಷವು ನಮಗೂ ಆಯಿತು.

ಈ ಹೊಸವರ್ಷವು ಮೊದಲು ಚಾಂದ್ರಮಾನದಂತೆ ಬರುತ್ತಿತ್ತು. ಮೇಲೆ ಹೇಳಿದ 1873ರ ಜನವರಿ 1ರಿಂದ ಜಪಾನಿನವರು ಯೂರೋಪಿನ ಪಂಚಾಂಗವನ್ನು ಸ್ವೀಕರಿಸಿದರು. ಅಲ್ಲಿಂದ ಮುಂದೆ ಅವರ ರಜೆಗೂ ಚಂದ್ರನಿಗೂ ಸಂಬಂಧ ತಪ್ಪಿತು. ನಮ್ಮ ಬೀಗರ ಮನೆಯ ಕಷ್ಟಕ್ಕೆ ಮೂಲ ಇಲ್ಲಿರುವುದು.

ಅಳಿಯಂದಿರ ಮನೆತನವು ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಒಕ್ಕಲು. ಮಂಟೇಸ್ವಾಮಿಯ ಶಿಷ್ಯನಾದ ಆ ಶರಣನ ಜಾತ್ರೆಯು ಪುಷ್ಯ ಮಾಸದ ಹುಣ್ಣಿಮೆಗೆ ಆರಂಭವಾಗಿ ಐದು ದಿನ ನಡೆಯುವುದನ್ನು ಕೊಳ್ಳೇಗಾಲದ ಕಡೆಯವರಿಗೆ ಹೇಳಬೇಕಾದುದಿಲ್ಲ. ಮೊದಲ ರಾತ್ರಿ ಚಂದ್ರಮಂಡಲ, ಮೂರನೆಯ ದಿನ ಮುಡಿಸೇವೆ. ಮಗುವಿನ ಹುಟ್ಟುಗೂದಲನ್ನು ಅಲ್ಲಿಯೇ ತೆಗೆಸುವುದಾಗಿ ಬೀಗಿತ್ತಿಯವರ ಹರಕೆ. ಆದರೆ ಹುಣ್ಣಿಮೆಯು 2023ರಲ್ಲಿ ಜನವರಿ 6ಕ್ಕೂ, 2024ರಲ್ಲಿ 25ಕ್ಕೂ, 2025ರಲ್ಲಿ 13ಕ್ಕೂ ಬಿದ್ದುದರಿಂದ ಒಮ್ಮೆಯೂ ರಜೆ ಕೂಡಿಬರಲಿಲ್ಲ. ಮಗುವಿಗೆ ನಾಲ್ಕು ತುಂಬಿ ಜಡೆ ಹೆಗಲಿಗಿಳಿಯಿತು. ಉದ್ಯಾನದಲ್ಲಿ ಕಂಡವರೆಲ್ಲ ಹೆಣ್ಣುಮಗುವೆಂದೇ ಮಾತನಾಡಿಸುವರು. ಬೀಗಿತ್ತಿಯವರಿಗೆ ಎಪ್ಪತ್ತೆಂಟು ವರ್ಷ. "ನಾನಿರುವಾಗ ಆಗಲಿ" ಎಂಬುದು ಅವರ ದೂರವಾಣಿಯ ಪ್ರತಿ ಮಾತಿನ ಪಲ್ಲವಿ.

2026ರಲ್ಲಿ ಹುಣ್ಣಿಮೆಯು ಜನವರಿ 3, ಶನಿವಾರಕ್ಕೆ ಬಂದಿತು. ಆದರೂ ಮುಡಿಸೇವೆಯ ದಿನ ಸೋಮವಾರ. ಕಚೇರಿ ತೆರೆಯುವುದೂ ಅಂದೇ. ಅಲ್ಲಿ ಸಂಬಳಸಹಿತವಾದ ರಜೆಯಿದ್ದರೂ ಅದನ್ನು ಕೇಳುವುದು ಸಹೋದ್ಯೋಗಿಗಳಿಗೆ ಹೊರೆಯೆಂದು ಸಂಕೋಚಪಡುವ ಪದ್ಧತಿ. ಇದನ್ನು ಕಂಡೇ ಅಲ್ಲಿಯ ಸರ್ಕಾರವು 2019ರಿಂದ, ಹತ್ತು ದಿನ ರಜೆಯುಳ್ಳವರು ಐದು ದಿನಗಳನ್ನಾದರೂ ತೆಗೆದುಕೊಳ್ಳುವಂತೆ ಯಜಮಾನರು ನೋಡಿಕೊಳ್ಳತಕ್ಕದ್ದೆಂದು ಕಾಯಿದೆ ಮಾಡಿದೆ. ಕಾಯಿದೆಯಿದ್ದ ಮಾತ್ರಕ್ಕೆ ಬಾಯಿ ಬರುವುದೆ? ಅಳಿಯಂದಿರು ಡಿಸೆಂಬರು ಮೊದಲ ವಾರವೆಲ್ಲ ಹಿಂದೆ ಮುಂದೆ ನೋಡಿ, ಕೊನೆಗೆ ಐದು ದಿನ ಕೇಳಿದರು. ಕಾರಣವನ್ನು ಕೇಳಿದ ಮೇಲಧಿಕಾರಿಗಳು ಮಗುವಿನ ವಯಸ್ಸೆಷ್ಟೆಂದು ವಿಚಾರಿಸಿ, ಒಪ್ಪಿದರು. ಮೂರು, ಐದು, ಏಳು ವರ್ಷದ ಮಕ್ಕಳನ್ನು ನವೆಂಬರಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ಯುವ ವಿಧಿ ಅವರಲ್ಲಿಯೂ ಉಂಟು. ಹಿಂದೆ ಅದರಲ್ಲಿ ಮೂರನೆಯ ವರ್ಷದ್ದು ಬೋಳಿಸಿದ ತಲೆಯಲ್ಲಿ ಕೂದಲು ಬಿಡಿಸುವ ಸಂಸ್ಕಾರ. ನಾವು ತೆಗೆಸುವೆವು, ಅವರು ಬಿಡಿಸುವರು, ಅರ್ಥ ಒಂದೇ.

ಪಕ್ಕದ ಮನೆಯ ವೃದ್ಧೆಯೊಬ್ಬರು ನಮ್ಮ ಪೆಟ್ಟಿಗೆಗಳನ್ನು ಕಂಡು, ಬೆಚ್ಚನೆಯ ದೇಶಕ್ಕೆ ರಜೆಗೆ ಹೋಗುವ ಭಾಗ್ಯವಂತರೆಂದರು. ಹಣವುಳ್ಳ ಜಪಾನಿನವರು ಆಗ ಓಕಿನಾವಾಕ್ಕೋ ಹವಾಯಿಗೋ ಹೋಗುವರಷ್ಟೆ. ಆಕೆಯ ಕಣ್ಣಿನಲ್ಲಿ ಹನೂರೂ ಸಮುದ್ರದಂಡೆಯ ತೆಂಗಿನ ತೋಪು. ಮಲೆ ಮಹದೇಶ್ವರನ ಬೆಟ್ಟದಲ್ಲಿ ಆ ಕಾಲಕ್ಕೆ ಜನರು ಕಂಬಳಿ ಹೊದೆಯುವರೆಂದು ಮಗಳು ಹೇಳಿದರೂ ನಂಬಲಿಲ್ಲ. ನಮ್ಮ ಮನೆಯವರಂತೂ ಎರಡು ವಾರದಿಂದ ಕನಸು ಕಾಣುತ್ತಿದ್ದುದು ಅಂಗಳದ ಬಿಸಿಲನ್ನೂ ಅವರೆಕಾಯಿಯನ್ನೂ.

27ರಂದು ಹೊರಟೆವು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ಊರು ಸೇರಿ, ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿದ್ದೆವು. ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಮಠದವರು ಬೆಂಕಿ ಮುಟ್ಟಿಸಿದರು. ಉರಿಯು ಯಾವ ದಿಕ್ಕಿಗೆ ಚೆನ್ನಾಗಿ ಹತ್ತುವುದೋ ಆ ದಿಕ್ಕಿಗೆ ಮಳೆಬೆಳೆ ಎಂದು ಜನರ ನಂಬಿಕೆ. ಮಗುವು ತಂದೆಯ ಹೆಗಲ ಮೇಲಿಂದ, ಇದೂ ಕ್ರಿಸ್ಮಸ್ಸೇ ಎಂದು ಕೇಳಿತು. ಬೀಗಿತ್ತಿಯವರಿಗೆ ಆ ಮಾತು ಕೇಳಿಸಿದಂತೆ ತೋರಲಿಲ್ಲ. ಉರಿಯನ್ನೇ ನೋಡುತ್ತ ಕೈಮುಗಿದು ನಿಂತಿದ್ದರು.

ಸೋಮವಾರ ಮುಡಿಯಾಯಿತು. ಮಗುವು ಅಳಲಿಲ್ಲ. ಆದರೆ ಬೋಳುತಲೆಯಲ್ಲಿ ಆ ಚಳಿಯ ದೇಶಕ್ಕೆ ಮರಳುವುದು ಹೇಗೆಂದು ಬೀಗಿತ್ತಿಯವರಿಗೆ ಹೊಸ ಚಿಂತೆ ಹತ್ತಿತು. ಮಾರನೆಯ ದಿನವೇ ಕೊಳ್ಳೇಗಾಲಕ್ಕೆ ಹೋಗಿ, ಅಂಗಡಿಯಿಂದ ಅಂಗಡಿಗೆ ತಿರುಗಿ, ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆಯೊಂದನ್ನು ತಂದೇ ತಂದರು.