ತೊಗರಿಗೆ ಬೆಲೆ ಕಟ್ಟುವ ಗಣಕ

ಶಹಾಬಾದಿನ ಹಾಸುಗಲ್ಲಿನ ಗಣಿಗಳನ್ನು ಹಿಂದಿಕ್ಕಿ, ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಹಾದಿ ಹಿಡಿದ ರೈಲು, ಚಿತ್ತಾಪುರವನ್ನು ದಾಟಿ ಸೇಡಂ ತಲುಪುವವರೆಗೂ ಕಿಟಕಿಯಾಚೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಬೆಳೆ ತೊಗರಿ. ಚಿಂಚೋಳಿಯ ಸೀಮೆಯಲ್ಲಿಯೂ ಅದರದೇ ದರ್ಬಾರು. ಮುಂಗಾರಿನಲ್ಲಿ ಬಿತ್ತಿದ ಬೀಜ ಧನುರ್ಮಾಸದ ಚಳಿಯಲ್ಲಿ ಕೊಯ್ಲಿಗೆ ಬರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಪಟ್ಟಣದ ಗೃಹಿಣಿ ಬೇಳೆಯ ಬೆಲೆ ಕೇಳಿ ಹುಬ್ಬೇರಿಸುತ್ತಾಳೆ. ಬೆಳೆದವನ ಕೈಗೆ ಬಂದ ಬೆಲೆಯನ್ನು ಕಟ್ಟಿದವರಾರೆಂಬುದು ಅವಳಿಗೆ ತಿಳಿಯುವುದು ಅಪರೂಪ.

ಹಿಂದಿನ ಪದ್ಧತಿ ಸರಳವಾಗಿತ್ತು. ರೈತನ ರಾಶಿ ಅಡತಿ ಅಂಗಡಿಯ ಮುಂದೆ ಬೀಳುತ್ತಿತ್ತು. ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಕೊಳ್ಳುವವರು ಬೆರಳೆಣಿಕೆಯಷ್ಟು, ಅವರೆಲ್ಲ ಪರಸ್ಪರ ಪರಿಚಿತರು. ಪೈಪೋಟಿ ಎಷ್ಟಿತ್ತೆಂಬುದನ್ನು ಊಹಿಸಬಹುದು!

2014ರಲ್ಲಿ ಈ ಪೆಟ್ಟಿಗೆಯ ಸ್ಥಾನಕ್ಕೆ ಗಣಕಯಂತ್ರ ಬಂದಿತು. ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯನ್ನು ಕಟ್ಟಿದವು. ಈ ಕಂಪನಿಯ ವ್ಯಾಪಾರಕ್ರಮವೇ ವಿಶೇಷವಾದುದು. ಅದು ಒಂದು ಕಾಳನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಮಾರುಕಟ್ಟೆಗೆ ಯಂತ್ರವ್ಯವಸ್ಥೆಯನ್ನು ಒದಗಿಸಿ, ನಡೆದ ವಹಿವಾಟಿನ ಮೌಲ್ಯದ ಮೇಲೆ ಬಳಕೆಯ ಶುಲ್ಕ ಪಡೆಯುವುದೇ ಅದರ ಗಳಿಕೆಯ ಮಾರ್ಗ. ಹಾಗಾಗಿ ಹೆಚ್ಚು ಕೊಳ್ಳುವವರನ್ನು ಕರೆತರುವುದು ಅದರ ಹಿತವೂ ಹೌದು. ಒಂದೇ ಪರವಾನಗಿಯಿಂದ ರಾಜ್ಯದ ಯಾವ ಪೇಟೆಯಲ್ಲಿಯಾದರೂ ಕೊಳ್ಳುವ ಅವಕಾಶ ವ್ಯಾಪಾರಿಗೆ ಒದಗಿತು. ಕೆಲವೇ ವರ್ಷಗಳಲ್ಲಿ 150ಕ್ಕೂ ಹೆಚ್ಚು ಮಾರುಕಟ್ಟೆಗಳು ಈ ಜಾಲವನ್ನು ಸೇರಿದವು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರವೂ ಇ-ನಾಮ್ ಎಂಬ ಅಖಿಲ ಭಾರತ ವೇದಿಕೆಯನ್ನು ಆರಂಭಿಸಿತು.

ಕ್ರಮ ಹೀಗೆ: ಬಾಗಿಲಲ್ಲಿಯೇ ರಾಶಿಗೊಂದು ಸಂಖ್ಯೆ ಬೀಳುತ್ತದೆ. ವ್ಯಾಪಾರಿ ಗಣಕದಲ್ಲಿ ದರ ನಮೂದಿಸುತ್ತಾನೆ. ಒಬ್ಬನ ದರ ಇನ್ನೊಬ್ಬನಿಗೆ ಕಾಣದು. ಅತ್ಯಧಿಕ ದರ ರೈತನ ದೂರವಾಣಿಗೆ ಸಂದೇಶವಾಗಿ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮಾರದೆ ಇರುವ ಹಕ್ಕು ಅವನದು.

ಆದರೆ ಯಂತ್ರಕ್ಕೆ ಬೆಲೆಯನ್ನು ಕಂಡುಹಿಡಿಯಲು ಬರುತ್ತದೆಯೇ ಹೊರತು ಏರಿಸಲು ಬರುವುದಿಲ್ಲ. 2015ರ ದುಬಾರಿ ಬೆಲೆಯನ್ನು ಕಂಡ ರೈತರು ಮರುವರ್ಷ ಹೊಲದ ತುಂಬ ತೊಗರಿ ಬಿತ್ತಿದರು. ಬೋನಸ್ ಸೇರಿ ಕ್ವಿಂಟಾಲಿಗೆ 5050 ರೂಪಾಯಿಯ ಬೆಂಬಲ ಬೆಲೆ ಘೋಷಣೆಯಾಗಿದ್ದರೂ, 2016-17ರ ಹಂಗಾಮಿನಲ್ಲಿ ಪೇಟೆಯ ದರ ಅದಕ್ಕಿಂತ ಕೆಳಗೆ ಇಳಿಯಿತು.

ಮಾರದೆ ಇರುವ ಹಕ್ಕಿನ ಮಾತೂ ಅಷ್ಟು ಸುಲಭವಲ್ಲ. ಬಿತ್ತನೆಯ ಹೊತ್ತಿಗೆ ಅಡತಿ ಅಂಗಡಿಯಿಂದ ಸಾಲ ತಂದವನು ರಾಶಿಯನ್ನು ಇನ್ನೆಲ್ಲಿಗೆ ಒಯ್ದಾನು? ದರ ಕಟ್ಟುವ ಕೆಲಸವನ್ನು ಗಣಕ ವಹಿಸಿಕೊಂಡಿತು. ಸಾಲ ಕೊಡುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ. ಬ್ಯಾಂಕು ಕಾಗದ ಕೇಳುತ್ತದೆ. ಅಡತಿಯವನು ಮುಖ ನೋಡಿ ಕೊಡುತ್ತಾನೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ರಾತ್ರಿ ಹಣ ಬೇಕಾದಾಗ ಬಾಗಿಲು ತೆರೆಯುವವನೂ ಅವನೇ. ಅವನನ್ನು ಕೇವಲ ಶೋಷಕನೆಂದು ತಳ್ಳಿಹಾಕಿದವರು ಈ ಲೆಕ್ಕವನ್ನು ಮರೆತಂತೆ ತೋರುತ್ತದೆ. ದೂರವಾಣಿಯಲ್ಲಿ ದರ ಕಂಡ ರೈತನು ಸಾಲವನ್ನು ಮುರಿದುಕೊಂಡು ಉಳಿದ ಹಣವನ್ನು ಎಣಿಸಿಕೊಳ್ಳುವುದು ಈಗಲೂ ಅದೇ ಅಂಗಡಿಯ ಕಟ್ಟೆಯ ಮೇಲೆಯೇ.